ಪಾಲೆ ಕೆತ್ತೆ ಮತ್ತು ನಾಲ್ಕನೆಯ ಕುರ್ಚಿ

ಕುರ್ಚಿಯ ಆಸೆ ಇರುವುದು ರಾಜಕೀಯದವರಿಗೆ ಮಾತ್ರ ಎಂದು ತಿಳಿದವರು ಪುತ್ತೂರು ದರ್ಬೆಯ ನಮ್ಮ ಮನೆಯ ಟೆರೇಸಿಗೆ ಒಮ್ಮೆ ಬರಬೇಕು. ಶೀಟು ಹಾಕಿದ ಆ ಟೆರೇಸಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿವೆ. ನೆಂಟರು ಸೇರಿದ ಭಾನುವಾರ ಒಂದರಲ್ಲಿ ಕಡಬದಿಂದ ಬಂದ ನನ್ನ ಅಣ್ಣ ಕೂರುತ್ತಾನೆ, ಇನ್ನೊಂದರಲ್ಲಿ ಸುಳ್ಯದ ತಮ್ಮ ಕೂರುತ್ತಾನೆ, ಮೂರನೆಯದರಲ್ಲಿ ನನ್ನ ಗಂಡ. ನಾಲ್ಕನೆಯದರಲ್ಲಿ ನಾನು ಹುರಿದು ಕಳಿಸಿದ ಕೋಳಿಯ ತಟ್ಟೆ ಕೂರುತ್ತದೆ. ಹನ್ನೆರಡು ವರ್ಷಗಳಿಂದ ಆ ಕೋಳಿಗೆ ಸಿಕ್ಕಿದ ಸ್ಥಾನ ನನಗೆ ಸಿಕ್ಕಿರಲಿಲ್ಲ. ಸತ್ತ ಕೋಳಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಬಹುಶಃ ನಾನೊಬ್ಬಳೇ ಇರಬೇಕು. ಪಟ್ಟದ್ದು ನಿಜ, ಒಪ್ಪಿಕೊಳ್ಳುತ್ತೇನೆ.

ಅವ್ವ ತೀರಿಹೋದ ಮೇಲೆ ನಾವು ಒಡಹುಟ್ಟಿದವರು ಸೇರುವುದು ನನ್ನ ಮನೆಯಲ್ಲಿ. ಕಡಬಕ್ಕೂ ಸುಳ್ಯಕ್ಕೂ ಪುತ್ತೂರು ಅನುಕೂಲ, ಬಸ್ಸು ಬೇಕಾದಷ್ಟು, ಮತ್ತು ನನ್ನ ಗಂಡ ಯಾರು ಬಂದರೂ ಬೇಡ ಎನ್ನದ ಸಾಧು ಪ್ರಾಣಿ. ಊಟವಾದ ಮೇಲೆ ಒಂದು ನಿದ್ದೆ, ನಿದ್ದೆಯಾದ ಮೇಲೆ ಒಂದು ಚಹಾ, ಸಂಜೆ ಐದಕ್ಕೆ ಗಂಡಸರು ಒಬ್ಬೊಬ್ಬರಾಗಿ, ಟೆರೇಸಿನಲ್ಲಿ ಒಣಗಿಸಿದ ಬಟ್ಟೆ ನೋಡಲು ಹೋಗುವವರ ಹಾಗೆ ಮುಖ ಮಾಡಿಕೊಂಡು, ಕಂಕುಳಲ್ಲಿ ಬಾಟಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ. ನಾನೂ ಅಣ್ಣನ ಜೊತೆ ಬಂದ ಅತ್ತಿಗೆಯೂ ಅಡುಗೆಮನೆಯಲ್ಲಿ ಉಳಿಯುತ್ತೇವೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ನಗು ಶುರುವಾಗುತ್ತದೆ. ಸಾಮಾನ್ಯ ನಗುವಲ್ಲ, ಶೀಟು ಅದುರುವ ನಗು. ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದು, "ಎಂತ ನಗುದು ಅಲ್ಲಿ?" ಎಂದು ಕೇಳುತ್ತೇನೆ. "ಎಂತ ಇಲ್ಲ ಸುಮಿ, ನೀನು ಕೋಳಿ ನೋಡು, ಅಡಿ ಹಿಡಿದೀತು" ಎನ್ನುತ್ತಾನೆ ಅಣ್ಣ. ನಾವು ಒಡಹುಟ್ಟಿದವರು ಮೂವರೂ ಸೇರಿದರೆ ಮಾತಾಡುವುದು ನಮ್ಮ ಮನೆಮಾತು ಅರೆಭಾಷೆಯಲ್ಲಿ. ನಿಮಗೆ ಕಷ್ಟವಾಗದಿರಲಿ ಎಂದು ಇಲ್ಲಿ ಕನ್ನಡ ಮಾಡಿದ್ದೇನೆ. ಅರೆಭಾಷೆಯಲ್ಲಿ ಅದು ಇನ್ನೂ ಉರಿಸುವ ಹಾಗೆ ಕೇಳುತ್ತದೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಅಲ್ಲಿ ನನಗೆ ಬೆನ್ನಿಗೆ ಟವೆಲು ಹಾಕಿದ ಕುರ್ಚಿ ಉಂಟು, ಎದುರಿಗೆ ನಿಂತು ತಲೆ ಕೆರೆದುಕೊಳ್ಳುವ ಗುತ್ತಿಗೆದಾರರು ಉಂಟು. ಭಾನುವಾರ ಸಂಜೆ ಮಾತ್ರ ನಾನು ಸೈಡ್ ಡಿಶ್ ಇಲಾಖೆಯ ನೌಕರಳು. ಒಮ್ಮೆ ಧೈರ್ಯ ಮಾಡಿ ತಟ್ಟೆಯ ಜೊತೆ ನಾನೂ ಮೇಲೆ ಹೋಗಿ, ತಟ್ಟೆಯನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕೂತಿದ್ದೆ. ಮೂವರೂ ಗಪ್‌ಚಿಪ್. ಹುಡುಗರು ಬೀಡಿ ಸೇದುವಲ್ಲಿಗೆ ಹೆಡ್‌ಮಾಸ್ಟರು ಬಂದ ಹಾಗೆ. ಕೊನೆಗೆ ತಮ್ಮ ದಯೆ ತೋರಿಸಿ, "ಉಪ್ಪು ಸರಿ ಉಂಟು ಅಕ್ಕ" ಎಂದ. ಅದನ್ನು ಕೇಳಲಿಕ್ಕೇ ನಾನು ಬಂದದ್ದು ಎಂದು ಅವನ ಎಣಿಕೆ. ನಾನು ಎದ್ದು ಬಂದೆ. ಕೆಳಗೆ ತಲುಪುವ ಮೊದಲೇ ಮೇಲೆ ನಗು ಶುರುವಾಯಿತು. ಅತ್ತಿಗೆಗೆ ಇದೆಲ್ಲ ತಲೆನೋವೇ ಅಲ್ಲ. "ಅವರು ಮೇಲೆ ಹೋದ್ರೆ ಇಲ್ಲಿ ಸ್ವಲ್ಪ ಗಾಳಿ ಆಡ್ತದೆ ಮಾರಾಯ್ತಿ, ನಿನಗೆ ಎಂತಕ್ಕೆ ಆ ಕುರ್ಚಿ?" ಎಂದು ಅವಳು ಕೇಳಿದಳು. ಎಂತಕ್ಕೆ ಅಂದರೆ, ಬೇಕು. ಅಷ್ಟೇ.

ಹೀಗಿರುವಾಗ ಒಂದು ದಿನ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ವಿಡಿಯೋ ಹುಡುಕುತ್ತಿದ್ದ ನನ್ನ ಫೋನಿನಲ್ಲಿ ಗಡ್ಡದ ಮನುಷ್ಯನೊಬ್ಬ ಪ್ರತ್ಯಕ್ಷನಾದ. ತೋಳು ಮಡಚಿದ ಅಂಗಿ, ಮೊಣಕೈವರೆಗೆ ಹಚ್ಚೆ, ಮುಖದಲ್ಲಿ ಅರ್ಚಕರ ಗಾಂಭೀರ್ಯ. ಅವನು ಕಾಕ್‌ಟೇಲ್ ಮಾಡುತ್ತಿದ್ದ. ಬಿಟರ್ಸ್ ಎಂಬ ಕಹಿ ದ್ರವ್ಯ ಒಂದುಂಟಂತೆ, ಮರದ ಚಕ್ಕೆ, ಬೇರು, ಸಿಪ್ಪೆ ಎಲ್ಲ ಮದ್ಯದಲ್ಲಿ ನೆನೆಹಾಕಿ ತೆಗೆಯುವಂಥದ್ದು. ಲೋಕದವರೆಲ್ಲ ಅದನ್ನು ಗ್ಲಾಸಿಗೆ ಎರಡು ಹನಿ ಹಾಕುವುದು. ಈ ಮಹಾನುಭಾವ ಅದನ್ನೇ ಒಂದೂವರೆ ಅಳತೆ ಸುರಿದ. ಅಷ್ಟೇ ಬಾದಾಮಿ ಪಾಕ, ಅದರ ಅರ್ಧ ನಿಂಬೆರಸ, ಕೊನೆಗೆ ಪಾಪ ಎಂದು ಸ್ವಲ್ಪ ವಿಸ್ಕಿ. ಸಾರಿಗೆ ಇಂಗು ಹಾಕುವ ಬದಲು ಇಂಗಿಗೆ ಸಾರು ಹಾಕಿದ ಹಾಗೆ. ನಾನು ಬಂಗುಡೆ ಮರೆತು ನೋಡಿದೆ. ಇಷ್ಟು ಕಾಲ ಎರಡು ಹನಿಯಾಗಿ ಮೂಲೆಯಲ್ಲಿದ್ದ ಕಹಿ ಇವತ್ತು ಮಧ್ಯದಲ್ಲಿ ಬಂದು ಕೂತಿತ್ತು. ನನಗೆ ಆ ಪಾನೀಯದ ಮೇಲೆ ಒಂದು ರೀತಿಯ ಬಂಧುಪ್ರೀತಿ ಹುಟ್ಟಿತು. ಮುಂದಿನ ಸಲ ಅವರು ಸೇರಿದಾಗ ಇದನ್ನು ನಾನೇ ಮಾಡಿ, ನಾನೇ ಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದು ನಿಶ್ಚಯಿಸಿದೆ. ಮಾಡಿದವಳನ್ನು ಕೂರು ಎನ್ನದೆ ಇರುತ್ತಾರೆಯೇ?

ಬಿಟರ್ಸ್ ತರಲು ಗಂಡನನ್ನು ವೈನ್ ಶಾಪಿಗೆ ಓಡಿಸಿದೆ. ಹೋದಷ್ಟೇ ಬೇಗ ಬರಿಗೈಯಲ್ಲಿ ವಾಪಸು ಬಂದರು. "ಕಹಿಯದ್ದು ಉಂಟಾ ಕೇಳಿದೆ. ಇಲ್ಲಿ ಇರುದೆಲ್ಲ ಕಹಿಯದ್ದೇ, ಸಿಹಿ ಬೇಕಾದ್ರೆ ಪಕ್ಕದ ಬೇಕರಿಗೆ ಹೋಗಿ ಅಂತ ಹೇಳಿದ ಅವ" ಎಂದರು. ಕ್ಯೂನಲ್ಲಿ ಹಿಂದೆ ನಿಂತವರು ನಕ್ಕದ್ದು ಅವರಿಗೆ ಬೇಜಾರಾಗಿತ್ತು. ಇನ್ನು ಮಂಗಳೂರಿನಿಂದ ತರಿಸಬೇಕೋ ಎಂತ ಮಾಡುವುದೋ ಎಂದು ಯೋಚಿಸುತ್ತಿರುವಾಗ ಆಟಿ, ಅಂದರೆ ಆಷಾಢದ ಅಮಾವಾಸ್ಯೆ ಬಂತು.

ನಮ್ಮ ಕಡೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಎಂತ ಕುಡಿಯುತ್ತಾರೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಬೆಳಕು ಹರಿಯುವ ಮೊದಲು ಪಾಲೆ, ಅಂದರೆ ಹಾಲೆ ಮರದ ಹತ್ತಿರ ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ಅದರ ತೊಗಟೆ, ಅಂದರೆ ಕೆತ್ತೆ ತರಬೇಕು. ಅದನ್ನು ಅರೆದು ಹಿಂಡಿ, ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸಿ, ಕಾದ ಬೆಣಚುಕಲ್ಲನ್ನು ಚುಂಯ್ ಎನ್ನುವ ಹಾಗೆ ಅದರೊಳಗೆ ಹಾಕಿದರೆ ಕಷಾಯ ತಯಾರು. ಖಾಲಿ ಹೊಟ್ಟೆಗೆ ಕುಡಿಯಬೇಕು. ಕಹಿ ಎಂದರೆ ನಾಲಿಗೆಗೆ ಮಾತ್ರ ಕಹಿಯಲ್ಲ, ಕಿವಿಯ ಹಿಂದೆ ಕೂಡ ಕಹಿ. ಕುಡಿದ ಮೇಲೆ ಉಷ್ಣ ಇಳಿಯಲು ಮೆಂತೆ ಗಂಜಿ ಉಣ್ಣಲೇಬೇಕು. ಇವತ್ತಿಗೂ ಪ್ರತಿ ವರ್ಷ ತಮ್ಮನೇ ಸುಳ್ಯದ ಕಡೆಯ ನಮ್ಮ ಹಳೆಯ ಪಾಲೆ ಮರದಿಂದಲೇ ಕೆತ್ತೆ ತಂದು ನನಗೊಂದು ಪಾಲು, ಅಣ್ಣನಿಗೊಂದು ಪಾಲು ಮುಟ್ಟಿಸುತ್ತಾನೆ. ಬೇರೆ ಮರದ್ದು ತಂದು ಆಸ್ಪತ್ರೆ ಸೇರಿದವರ ಸುದ್ದಿ ಕೇಳಿ ಕೇಳಿ ಅವನಿಗೆ ಬೇರೆಯವರ ಮೇಲೆ ನಂಬಿಕೆ ಇಲ್ಲ.

ಆ ಬೆಳಿಗ್ಗೆ ನಾನೂ ಗಂಡನೂ ಅರ್ಧರ್ಧ ಲೋಟ ಕಷಾಯ ಕುಡಿದು, ಗಂಜಿಯೂ ಉಂಡ ಮೇಲೆ ನೋಡಿದರೆ ಒಂದು ಹಿಡಿ ಕೆತ್ತೆ ಮಿಕ್ಕಿತ್ತು. ಬಿಸಾಡಲು ಎತ್ತಿದ ಕೈ ಅಲ್ಲೇ ನಿಂತಿತು. ಮರದ ಚಕ್ಕೆ, ಕಹಿ, ಕಾಳುಮೆಣಸು. ಗಡ್ಡದವನು ದೊಡ್ಡ ವಿದ್ಯೆ ಎಂಬಂತೆ ತೋರಿಸಿದ್ದನ್ನು ಅವ್ವ ವರ್ಷಕ್ಕೊಮ್ಮೆ ಅಡುಗೆಮನೆಯ ನೆಲದಲ್ಲಿ ಕೂತು ಮಾಡುತ್ತಿದ್ದಳಲ್ಲ ಎನಿಸಿತು. ಕೆತ್ತೆಯನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಕಿತ್ತಳೆ ಸಿಪ್ಪೆ, ಲವಂಗ, ಮೆಣಸು ಸೇರಿಸಿ, ಗಂಡನ ಬ್ರಾಂಡಿ ಸುರಿದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಮೂರು ವಾರದಲ್ಲಿ ಅದು ಗಟ್ಟಿ ಚಹಾದ ಬಣ್ಣಕ್ಕೆ ಬಂತು. ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಿದೆ. ಆ ದಿನ ಕಚೇರಿಯಲ್ಲಿ ನನ್ನ ಮುಖ ಕಂಡು ಇಬ್ಬರು ಅರ್ಜಿದಾರರು ನಾಳೆ ಬರುತ್ತೇವೆಂದು ಹೊರಟುಹೋದರು.

ಆಟಿ ಮುಗಿದು ಸೋಣ ತಿಂಗಳ ಒಂದು ಭಾನುವಾರ ಎಲ್ಲರೂ ಸೇರಿದರು. ಐದು ಗಂಟೆಗೆ ಗಂಡಸರು ಬಟ್ಟೆ ನೋಡಲು ಮೇಲೆ ಹೋದರು. ನಾನು ಅತ್ತಿಗೆಯನ್ನು ಕೋಳಿಯ ಮುಂದೆ ನಿಲ್ಲಿಸಿ ಕೆಲಸಕ್ಕಿಳಿದೆ. ಬಾದಾಮಿಯನ್ನು ಬೆಳಿಗ್ಗೆಯೇ ಅರೆದು ಸೋಸಿ ಪಾಕ ಮಾಡಿಟ್ಟಿದ್ದೆ. ಹಿತ್ತಿಲ ಗಜನಿಂಬೆ ಹಿಂಡಿದೆ. ಐಸಿಗೆ ಸ್ವಲ್ಪ ಬಂಗುಡೆಯ ವಾಸನೆ ಇತ್ತು, ಅದು ಫ್ರೀಜರಿನ ಹಣೆಬರಹ. ಗಡ್ಡದವನ ಹತ್ತಿರ ಕುಲುಕಲು ಬೆಳ್ಳಿ ಬಣ್ಣದ ಪಾತ್ರೆ ಇತ್ತು, ನನ್ನ ಹತ್ತಿರ ಗಂಡನ ಸ್ಟೀಲ್ ಫ್ಲಾಸ್ಕ್. ಎಲ್ಲವನ್ನೂ ಅದರೊಳಗೆ ಹಾಕಿ, ಮುಚ್ಚಳ ತಿರುಗಿಸಿ, ಭುಜದ ಮೇಲೆತ್ತಿ ಕುಲುಕಿದೆ. "ಮೈಮೇಲೆ ದರ್ಶನ ಬಂತಾ ಎಂತ?" ಎಂದಳು ಅತ್ತಿಗೆ. ಕುಲುಕಿ ಮುಗಿದ ಮೇಲೆ ತಣ್ಣಗಾದ ಫ್ಲಾಸ್ಕಿನ ಮುಚ್ಚಳ ಬರಲೇ ಇಲ್ಲ. ಇಬ್ಬರೂ ಆ ತುದಿ ಈ ತುದಿ ಹಿಡಿದು ಎಳೆದಾಡಿ, ಕೊನೆಗೆ ಬಿಸಿನೀರು ಸುರಿದ ಮೇಲೆ ಅದು ಬಾಯಿಬಿಟ್ಟಿತು. ನಾಲ್ಕು ಗ್ಲಾಸಿಗೆ ಸೋಸಿದೆ. ಇನ್ನೂ ಒಂದು ಸುತ್ತಿಗಾಗುವಷ್ಟು ಜಗ್ಗಿನಲ್ಲಿ ಉಳಿಯಿತು. ಅತ್ತಿಗೆಗೆ ಕೊಡಲು ಹೋದರೆ, ಮೂಸಿ ನೋಡಿ, "ನನಗೆ ಇಡೀ ವರ್ಷದ್ದು ಅಮಾವಾಸ್ಯೆಗೇ ಆಯ್ತು" ಎಂದು ಕೈ ಮುಗಿದಳು.

ನಾಲ್ಕು ಗ್ಲಾಸು, ಒಂದು ಜಗ್ಗು ಹಿಡಿದು ನಾನು ಮೆಟ್ಟಿಲು ಹತ್ತಿದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬಡ್ತಿಯ ಸಂದರ್ಶನಕ್ಕೆ ಹೋದಾಗಲೂ ಹಾಗಾಗಿರಲಿಲ್ಲ. ನಾಲ್ಕನೆಯ ಕುರ್ಚಿಯ ಮೇಲಿದ್ದ ಕಡಲೆಯ ತಟ್ಟೆಯನ್ನು ಎತ್ತಿ ಗಂಡನ ಕೈಯಲ್ಲಿಟ್ಟೆ. ಕೂತೆ. "ಇವತ್ತು ನಿಮ್ಮ ಬಾಟಲಿ ಒಳಗಿಡಿ. ಇದು ಕಾಕ್‌ಟೇಲ್, ನಾನು ಮಾಡಿದ್ದು" ಎಂದೆ. ಅಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ರಬ್ಬರ್ ಹಾಲನ್ನು ನೋಡಿ ಅದರಲ್ಲಿ ನೀರೆಷ್ಟು ಎಂದು ಹೇಳುವವ ಅವ. "ಬಣ್ಣ ಅಡ್ಡಿಲ್ಲ" ಎಂದ. ಅಣ್ಣನ ಬಾಯಲ್ಲಿ ಅಡ್ಡಿಲ್ಲ ಎಂದರೆ ಸನ್ಮಾನಪತ್ರ. ನಾನು ಬೆನ್ನು ಒರಗಿಸಿ ಕೂತೆ.

ಮೂವರೂ ಒಂದೊಂದು ಗುಟುಕು ಕುಡಿದರು. ತಮ್ಮನ ಕಣ್ಣಲ್ಲಿ ನೀರು. ನನ್ನ ಗಂಡ ನುಂಗುವುದೋ ಬೇಡವೋ ಎಂಬ ಸ್ಥಿತಿಯಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು. ಅಣ್ಣ ಮಾತ್ರ ಗ್ಲಾಸನ್ನೇ ನೋಡುತ್ತಾ, "ಇದು ಅವ್ವನದ್ದಲ್ಲವಾ?" ಎಂದ.

ಅವ್ವ ಹೋದ ಮೇಲೆ ಅವಳ ಮಾತನ್ನು ಅಣ್ಣ ತಾನಾಗಿ ಎತ್ತಿದ್ದೇ ಕಡಿಮೆ. ಅತ್ತರೆ ಕುರ್ಚಿ ಹೋಗುತ್ತದೆ ಎಂದು ಹೆದರಿ ನಾನು ಗದರುವುದಕ್ಕೆ ಹೊರಟೆ. ಬಾಯಿಂದ ಬಂದದ್ದು ನನ್ನ ಸ್ವರವಲ್ಲ. "ಮೂಗು ಮುಚ್ಚಿ ಒಂದೇ ಸಲಕ್ಕೆ ಕುಡೀರಿ. ಒಂದು ಹನಿ ಚೆಲ್ಲಿದ್ರೆ ಗೊತ್ತುಂಟಲ್ಲ?" ಎಂದೆ. ಅವ್ವ ಲೋಟ ಹಿಡಿದು ನಿಂತು ಹೇಳುತ್ತಿದ್ದದ್ದು ಇದನ್ನೇ, ಇದೇ ಧಾಟಿಯಲ್ಲಿ.

ಅರುವತ್ತು ದಾಟಿದ ಅಣ್ಣ, ಪಂಚಾಯತಿನಲ್ಲಿ ಎದ್ದು ನಿಂತರೆ ಯಾರಿಗೂ ಕೂರಲು ಬಿಡದ ಅಣ್ಣ, ಎಡಗೈಯಲ್ಲಿ ಮೂಗು ಹಿಡಿದ. ತಮ್ಮನೂ ಹಿಡಿದ. ಗಂಡ ಅವರಿಬ್ಬರನ್ನು ನೋಡಿ ತಾವೂ ಹಿಡಿದರು. ಗಟಗಟನೆ ಕುಡಿದು, ಗ್ಲಾಸು ಕವುಚಿ ಖಾಲಿ ತೋರಿಸಿ, ಅವ್ವನ ಇಬ್ಬರು ಗಂಡುಮಕ್ಕಳೂ ಸಣ್ಣವರಿದ್ದಾಗ ಅವಳೆದುರು ಮಾಡುತ್ತಿದ್ದ ಹಾಗೆಯೇ ಬೆಲ್ಲಕ್ಕೆ ಕೈ ಚಾಚಿದರು. ಬೆಲ್ಲ ನಾನು ತಂದಿರಲಿಲ್ಲ. ಗಡ್ಡದವನು ಬೆಲ್ಲದ ವಿಷಯ ಹೇಳಿರಲಿಲ್ಲ. ಅದನ್ನು ಸಣ್ಣ ಸಣ್ಣ ಗುಟುಕಾಗಿ, ಸಂಗೀತ ಕೇಳುತ್ತಾ ಕುಡಿಯಬೇಕು ಎಂದಿದ್ದ.

"ಒಳ್ಳೆದಾಯ್ತು ಸುಮಿ, ತುಂಬ ಒಳ್ಳೆದಾಯ್ತು" ಎಂದ ಅಣ್ಣ ಬಾಯಿ ಒರೆಸಿಕೊಂಡು. ಅವನು ನನ್ನನ್ನು ಹೊಗಳಿದ ಮೊದಲ ಸಲ ಅದು. ಇನ್ನು ಮಾತು ಶುರುವಾಗುತ್ತದೆ, ಆ ನಗುವಿನ ಗುಟ್ಟು ಇವತ್ತು ನನ್ನೆದುರೇ ಬಿಚ್ಚುತ್ತದೆ ಎಂದು ನಾನು ಕಾಲ ಮೇಲೆ ಕಾಲು ಹಾಕಿದೆ. ಜಗ್ಗು ಎತ್ತಿ, "ಇನ್ನೂ ಉಂಟು" ಎಂದೆ. ಆಗ ತಮ್ಮ ಹೊಟ್ಟೆ ಹಿಡಿದುಕೊಂಡು, "ಅಣ್ಣ, ಮೆಂತೆ ಗಂಜಿ?" ಎಂದ. ಅಣ್ಣ ಗಾಬರಿಯಲ್ಲಿ ಎದ್ದುನಿಂತ. "ಹೌದಲ್ಲ ಮಾರಾಯ, ಪಾಲೆ ಕುಡಿದು ಗಂಜಿ ಉಣ್ಣದೆ ಕೂತ್ರೆ ಉಷ್ಣ ತಲೆಗೆ ಹೋಗ್ತದೆ." ಇದು ಕಾಕ್‌ಟೇಲ್, ಇದಕ್ಕೆ ಗಂಜಿಯ ನಿಯಮ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳುವವರಿಲ್ಲ. "ನೀನು ಕೂತ್ಕೋ, ನೀನು ಕೂತ್ಕೋ, ನಾವೇ ಮಾಡಿಕೊಳ್ತೇವೆ" ಎನ್ನುತ್ತಾ ಇಬ್ಬರೂ ಇಳಿದರು. ಗಂಡನ ಕಣ್ಣು ಒಮ್ಮೆ ಜಗ್ಗಿನ ಕಡೆ, ಒಮ್ಮೆ ನನ್ನ ಕಡೆ ಹೋಯಿತು. "ಅವರಿಗೆ ಮೆಂತೆ ಡಬ್ಬ ಎಲ್ಲಿ ಉಂಟಂತ ಗೊತ್ತಿಲ್ಲ" ಎಂದು ಅವರೂ ಇಳಿದರು. ಮೆಂತೆ ಡಬ್ಬ ಎಲ್ಲಿದೆ ಎಂದು ಅವರಿಗೂ ಗೊತ್ತಿಲ್ಲ.

ನಾನು ಇಳಿಯಲಿಲ್ಲ. ಹನ್ನೆರಡು ವರ್ಷ ಕಾದು ಸಿಕ್ಕಿದ ಕುರ್ಚಿ, ಬಿಟ್ಟು ಹೋದರೆ ತಟ್ಟೆ ಬಂದು ಕೂರುತ್ತದೆ. ಒಂದು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ಬಾದಾಮಿ, ಆಮೇಲೆ ಅವ್ವ. ಚೆನ್ನಾಗಿಯೇ ಇತ್ತು, ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಳಗೆ ಪಾತ್ರೆ ಬಿದ್ದ ಶಬ್ದವಾಯಿತು. ಅಣ್ಣನನ್ನು ತುರಿಮಣೆಯ ಮೇಲೆ ಕೂರಿಸಿರಬೇಕು, "ಕಾಯಿ ತುರೀರಿ, ಕೈ ತುರೀಬೇಡಿ" ಎಂದು ಅತ್ತಿಗೆ ಜೋರು ಮಾಡುತ್ತಿದ್ದಳು. ತಮ್ಮ ಏನೋ ಹೇಳಿದ. ಅತ್ತಿಗೆ ನಕ್ಕಳು. ಅತ್ತಿಗೆ ಹಾಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನಾಲ್ವರೂ ಸೇರಿ ನಕ್ಕರು, ಕಿಟಕಿಯ ಗಾಜು ಅದುರುವ ನಗು.

ನಾನು ಗ್ಲಾಸು ಹಿಡಿದುಕೊಂಡೇ ಮೆಟ್ಟಿಲ ತುದಿಗೆ ಬಂದು ಬಗ್ಗಿ, "ಎಂತ ನಗುದು ಅಲ್ಲಿ?" ಎಂದು ಕೇಳಿದೆ.

"ಎಂತ ಇಲ್ಲ ಸುಮಿ" ಎಂದ ಅಣ್ಣ ಅಡುಗೆಮನೆಯಿಂದ. "ನೀನು ಕುರ್ಚಿಯಲ್ಲಿ ಕೂತ್ಕೋ, ಗಂಜಿ ಆದ ಮೇಲೆ ಮೇಲೆ ಕಳಿಸ್ತೇವೆ."

ಕಳಿಸಿದರು ಕೂಡ. ಬಿಸಿ ಬಿಸಿ ಬಟ್ಟಲು, ಮೇಲೆ ಕಾಯಿಹಾಲು, ಬೆಲ್ಲ. ಇಡಲು ಜಾಗಕ್ಕೆ ತೊಂದರೆ ಇರಲಿಲ್ಲ. ಮೂರು ಕುರ್ಚಿ ಖಾಲಿ ಇದ್ದವು.