ಬಾರ್ಬಡೋಸಿಗೆ ಹೋದ ಬೆನ್ನು

ನನ್ನ ಗಂಡನ ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಬೆನ್ನು ಹೇಗಿದೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ! ಎಡಭುಜ ಬಲಭುಜಕ್ಕಿಂತ ಒಂದು ಕೂದಲೆಳೆಯಷ್ಟು ತಗ್ಗು. ಕಾಲರಿನ ಕೆಳಗೆ, ಇಸ್ತ್ರಿಯವನಿಗೆ ಎಷ್ಟು ಹೇಳಿದರೂ ಹೋಗದ ಒಂದು ಸುಕ್ಕು. ಬಲಗಿವಿಯ ಹಿಂದೆ ಕಡಲೆಕಾಳಿನಷ್ಟು ಮಚ್ಚೆ. ಮದುವೆಯಾದಾಗಿನಿಂದ ನಾನು ನೋಡುತ್ತ ಬಂದಿರುವುದು ಇದನ್ನೇ. ಸಂತೆಗೆ ಹೋಗಲಿ, ಮದುವೆಗೆ ಹೋಗಲಿ, ದವಾಖಾನೆಗೇ ಹೋಗಲಿ, ಇವರು ಹತ್ತು ಮಾರು ಮುಂದೆ, ನಾನು ಹತ್ತು ಮಾರು ಹಿಂದೆ. ಸಪ್ತಪದಿಯಲ್ಲಿ ಜೊತೆಗೆ ನಡೆದದ್ದೇ ಹೆಚ್ಚಾಯಿತೇನೋ ಎಂಬಂತೆ!

ಹೆಸರೇನು ಎಂದು ಮಾತ್ರ ಕೇಳಬೇಡಿ. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನೇ. ಕೌಜಲಗಿಯಿಂದ ಗೋಕಾಕದ ಕಾಲೇಜಿಗೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಗಳಿಸಿದ ಡಿಗ್ರಿ ಅದು. ಒಮ್ಮೆ ಪರೀಕ್ಷೆಯ ದಿನವೇ ಆ ಬಾಗಿಲಿನಿಂದ ಕೆಳಗೆ ಬಿದ್ದು, ಎಡಗಾಲು ಉಬ್ಬಿಸಿಕೊಂಡೂ ಪೇಪರು ಬರೆದು ಪಾಸಾದವಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗ ಮೂಡಲಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೆಣ್ಣು ಗಂಡು ಸಮಾನರು ಎಂಬ ಪಾಠವನ್ನು ಟೇಬಲ್ಲು ಗುದ್ದಿ ಹೇಳುತ್ತೇನೆ. ಆದರೆ ಗಂಡನ ಹೆಸರು ಹೇಳು ಅಂದರೆ ನಾಲಿಗೆ ಮಡಚಿಕೊಳ್ಳುತ್ತದೆ. ಹೆಸರನ್ನು ಪದ್ಯದಲ್ಲಿ ಹೆಣೆದು ಒಡಪು ಕಟ್ಟಿ ಹೇಳು ಅಂದರೆ ಹೇಳಿಯೇನು. ಪ್ರಬಂಧದಲ್ಲಿ ಒಡಪು ಹಾಕಿದರೆ ಸಂಪಾದಕರು ಏನೆಂದಾರು?

ಇವರದು ಮೇಲವಂಕಿಯ ಕುರುಬರ ಮನೆ. ಹತ್ತನೆಯ ತರಗತಿಯವರೆಗೆ ಸಾಲಿಗೂ ಹೋಗುತ್ತ ಕುರಿಯನ್ನೂ ಕಾಯುತ್ತ ಬೆಳೆದರು. ಆಮೇಲೆ ಗೋಕಾಕಕ್ಕೆ ಬಂದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ ಹಾಕಿದರು. ಕುರಿ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಹೆಗಲ ಮೇಲಿನ ಕರಿ ಕಂಬಳಿ ಇಳಿದಿಲ್ಲ, ಮುಂದೆ ಮುಂದೆ ನಡೆಯುವ ಚಟವೂ ಇಳಿದಿಲ್ಲ.

ವಿಚಿತ್ರವೆಂದರೆ ಇವರು ಹಿಂದಿರುಗಿ ನೋಡುವುದಿಲ್ಲ, ಆದರೆ ಎಲ್ಲಾ ಗೊತ್ತಿರುತ್ತದೆ! ಗೋಕಾಕದ ಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಗಾಜಿನ ಮುಂದೆ ನಾನು ನಿಂತರೆ ಸಾಕು, ಹತ್ತು ಮಾರು ಮುಂದೆ ಆ ಬೆನ್ನೂ ನಿಲ್ಲುತ್ತದೆ. ಬೆನ್ನಿನ ಕಡೆಯಿಂದಲೇ ಮಾತು ಬರುತ್ತದೆ:

"ಅದು ಬ್ಯಾಡ. ಬಣ್ಣಾ ಬಿಡತೈತಿ."

"ಬೆನ್ನಿಗೇನು ಕಣ್ಣ ಅದಾವೇನ್ರಿ?" ಎಂದು ಕೇಳಿದರೆ, "ಗೊತ್ತಾಕ್ಕೈತಿ ಬಿಡು" ಎನ್ನುತ್ತಾರೆ. ಅಷ್ಟೇ ಉತ್ತರ.

ಒಂದೇ ಒಂದು ಸಲ ಮಾತ್ರ ಇವರು ತಿರುಗಿ ನೋಡಿದ್ದುಂಟು. ಮೂಡಲಗಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಬಂದರೆ ನನ್ನ ಚಪ್ಪಲಿ ಮಂಗಮಾಯ! ಬಸ್‌ಸ್ಟ್ಯಾಂಡಿನವರೆಗೆ ಬರಿಗಾಲಲ್ಲಿ ನಡೆದೆ. ದಾರಿಯುದ್ದಕ್ಕೂ ಇವರು ಮತ್ತೆ ಮತ್ತೆ ಕತ್ತು ತಿರುಗಿಸಿ ನೋಡಿದ್ದೇ ನೋಡಿದ್ದು. ಹೆಂಡತಿ ಬರಿಗಾಲಲ್ಲಿ ಬರುತ್ತಿದ್ದಾಳೆಂದು ನಾಚಿಕೆಯೋ, ಕನಿಕರವೋ ಎಂದುಕೊಂಡೆ.

ಇಂಥ ಬೆನ್ನು ಬಾರ್ಬಡೋಸಿಗೆ ಹೋದ ಕಥೆ ಕೇಳಿ.

ಪಂಪ್‌ಸೆಟ್ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಎಲ್ಲಿಗಾದರೂ ತಿರುಗಾಡಿಸಿಕೊಂಡು ಬರುತ್ತಾರೆ. ಈ ಸಲ ಜೋಡಿ ಸಮೇತ ಬರಬೇಕು ಎಂದರು. ಊರು ಬಾರ್ಬಡೋಸ್, ಇರುವುದು ಸಮುದ್ರದ ದಂಡೆಯ ಹೋಟೆಲಿನಲ್ಲಿ.

"ಎಲ್ಲೈತಿ ಅದು?" ಎಂದು ಇವರು ಕೇಳಿದರು.

ಎಲ್ಲಿದೆ! ಭೂಪಟಕ್ಕೆ ಬೆತ್ತ ಹಚ್ಚಿ, "ಇಲ್ಲಿ ಎಳ್ಳು ಚೆಲ್ಲಿದಂಗ ಅದಾವ ನೋಡ್ರಿ, ಇವ ವೆಸ್ಟ್ ಇಂಡೀಸ್ ದ್ವೀಪಗಳು" ಎಂದು ನಾನು ಎಷ್ಟು ಮಕ್ಕಳಿಗೆ ತೋರಿಸಿಲ್ಲ! ಆ ಎಳ್ಳುಕಾಳಿನ ಮೇಲೆ ನಾನೇ ಕಾಲಿಡುತ್ತೇನೆಂದು ಆ ಬೆತ್ತಕ್ಕೂ ಗೊತ್ತಿರಲಿಲ್ಲ.

"ಕ್ರಿಕೆಟ್ ಆಡ್ತಾರಲ್ರಿ, ಅಲ್ಲೆ."

"ಹಂಗಾರ ಬಯಲ ಭಾಳ ಇರಬೇಕು. ಬೋರಿನ ನೀರ ಕಡಿಮಿ" ಎಂದು ನಮ್ಮ ಪಂಪ್‌ಸೆಟ್ಟಿನವರು ತೀರ್ಪು ಕೊಟ್ಟರು.

ನಾನು ಅವತ್ತೇ ನನ್ನ ಬೇಡಿಕೆ ಮುಂದಿಟ್ಟೆ. "ನನಗ ಏನೂ ಬ್ಯಾಡ್ರಿ. ಬಂಗಾರ ಬ್ಯಾಡ, ಸೀರಿ ಬ್ಯಾಡ. ಸಮುದ್ರದ ದಂಡಿಮ್ಯಾಲ ಒಂದ ಸಲ ನನ್ನ ಬಾಜೂಕ ನಡೀರಿ. ಅಷ್ಟ ಸಾಕು."

"ಯಾರರೆ ನೋಡಿದ್ರ?"

"ಬಾರ್ಬಡೋಸಿನ್ಯಾಗ ನಿಮ್ಮನ್ನ ಯಾರ ನೋಡ್ತಾರ್ರಿ!"

"ಹುಕ್ಕೇರಿಯವ್ರೂ ಬರಾಕತ್ತಾರಂತ" ಎಂದು ಇವರು ಗಂಭೀರವಾಗಿ ಹೇಳಿದರು.

ಹುಕ್ಕೇರಿಯವರೆಂದರೆ ಅಲ್ಲಿನ ಪಂಪ್‌ಸೆಟ್ಟು, ಪೈಪು ವ್ಯಾಪಾರದ ಸಾವಕಾರರು ಮತ್ತು ಅವರ ಹೆಂಡತಿ. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ. ಏನು ಜೋಡಿ ಅಂತೀರಿ! ಮುಂಬೈ ವಿಮಾನ ನಿಲ್ದಾಣಕ್ಕೆ ಇಬ್ಬರೂ ಒಂದೇ ನಮೂನೆಯ ಹೂವಿನ ಅಂಗಿ ಹಾಕಿಕೊಂಡು, ಕೈ ಕೈ ಹಿಡಿದುಕೊಂಡೇ ಬಂದರು. ನಮ್ಮ ಜೋಡಿಯೂ ಬಂತು, ಕಂಬಳಿ ಹೊತ್ತ ಬೆನ್ನು ಮುಂದೆ, ಕರದಂಟಿನ ಡಬ್ಬಿ, ಒಣಗಿಸಿದ ಕಟಿರೊಟ್ಟಿಯ ಗಂಟು ಹೊತ್ತ ನಾನು ಹಿಂದೆ. ಅಕ್ಕ ನನ್ನ ಕಿವಿಯಲ್ಲಿ, "ಟೀಚರ್, ನಿಮ್ಮ ಯಜಮಾನ್ರು ನಿಮಗ ಅಂಜಿ ಮುಂದ ಓಡ್ತಾರೋ, ಇಲ್ಲಾ ನೀವ ಅವರನ್ನ ಬೆನ್ನಹತ್ತೀರೋ?" ಎಂದರು.

ಅಲ್ಲಿ ನೆಲವೇ ಸರಿಯುವ ಪಟ್ಟಿಯಿತ್ತಲ್ಲ, ಅದರ ಮೇಲೆ ಯಾರೂ ನಡೆಯಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಇಲ್ಲಿ ಏನು ಮಾಡುತ್ತಾರೆ ನೋಡೋಣ ಎಂದುಕೊಂಡೆ. ಏನು ಮಾಡುವುದು? ನನಗಿಂತ ಮೊದಲು ಹತ್ತಿ, ಹತ್ತು ಮಾರು ಮುಂದೆ ನಿಂತುಕೊಂಡರು! ವಿಮಾನದಲ್ಲಾದರೂ ಬಾಜೂ ಬಾಜೂ ಕುರ್ಚಿ. ದೇವರು ದೊಡ್ಡವನು ಎಂದುಕೊಳ್ಳುವಷ್ಟರಲ್ಲಿ ಇವರು ಕಿಟಕಿಯ ಕಡೆ ಹೊರಳಿ ಮಲಗಿದರು. ಲಂಡನ್ನಿನವರೆಗೂ ನನಗೆ ಕಂಡದ್ದು ಆ ಸುಕ್ಕು, ಆ ಮಚ್ಚೆ.

ಬಾರ್ಬಡೋಸ್ ಮುಟ್ಟಿದೆವು. ಆ ಸಮುದ್ರ ನೋಡಬೇಕು ನೀವು! ನೀಲಿ ಎಂದರೆ ಇಂಕಿನ ನೀಲಿಯಲ್ಲ, ಹಸಿರೂ ಅಲ್ಲ. ನವಿಲಿನ ಕುತ್ತಿಗೆಯನ್ನು ಬಿಸಿಲಿಗೆ ಹಾಸಿದ ಹಾಗೆ. ಹಿಟ್ಟಿನಂಥ ಬಿಳಿ ಉಸುಕು. ಅದರ ಮೇಲೆ ಜನ ಬಟ್ಟೆಗೆ ಹೆಚ್ಚು ತೊಂದರೆ ಕೊಡದೆ ಮಲಗಿದ್ದರು. ಇವರು ಮಾತ್ರ ತುಂಬುತೋಳಿನ ಅಂಗಿ, ಬೂಟು, ಕಂಬಳಿ ಸಮೇತ ದಂಡೆಯ ಸಿಮೆಂಟಿನ ಹಾದಿಯ ಮೇಲೆ ನಿಂತು ಆ ದೃಶ್ಯ ನೋಡಿದರು. ನೋಡಿ, ನಿಟ್ಟುಸಿರು ಬಿಟ್ಟರು.

"ಏನಾತ್ರಿ?"

"ನಮ್ಮೂರಾಗ ಮನಿ ಕಟ್ಟಾಕ ಒಂದ ಟ್ರ್ಯಾಕ್ಟರ್ ಉಸುಕ ಸಿಗವಲ್ದು. ಇಲ್ಲಿ ನೋಡು, ಅದರ ಮ್ಯಾಲ ಮಕ್ಕೊಂಡಾರ!"

"ಬರ್ರಿ, ಇಳಿಯೂಣು."

"ಉಸುಕಿನ್ಯಾಗ ನಾ ಬರಾಂಗಿಲ್ಲ."

ಬರುವುದಿಲ್ಲ ಎಂದರೆ ಬರುವುದಿಲ್ಲ! ಮರುದಿನ ಬೂಟಿನೊಳಗೆ ಉಸುಕು ಹೋಗುತ್ತದೆ ಎಂದರು. ಅದರ ಮರುದಿನ ಏಡಿ ಕಡಿಯುತ್ತದೆ ಎಂದರು. ಆಮೇಲೆ ಮಂಡಿ ನೋವು ಎಂದರು. ಸಿಮೆಂಟಿನ ಹಾದಿಯ ಮೇಲೆ ಮಾತ್ರ ಈ ತುದಿಯಿಂದ ಆ ತುದಿಗೆ ಮುಂದೆ ಬೆನ್ನು, ಹಿಂದೆ ನಾನು. ಗೋಕಾಕದ ಪೇಟೆಗೂ ಬಾರ್ಬಡೋಸಿಗೂ ವ್ಯತ್ಯಾಸವೆಂದರೆ ಇಲ್ಲಿ ಸೀರೆ ಅಂಗಡಿ ಇರಲಿಲ್ಲ, ಅಷ್ಟೇ. ಕೆಳಗೆ ಉಸುಕಿನಲ್ಲಿ ಹುಕ್ಕೇರಿಯವರು ಕೈಹಿಡಿದು ಓಡುತ್ತಿದ್ದರು. ಆ ಸಾವಕಾರರ ಹೊಟ್ಟೆಗೆ ಓಟ ಒಗ್ಗದಿದ್ದರೂ ಓಡುತ್ತಿದ್ದರಲ್ಲ, ಅದು ದೊಡ್ಡದು!

ನಡುವೆ ಒಂದು ದಿನ ಬಸ್ಸಿನಲ್ಲಿ ದ್ವೀಪದ ಒಳಗೆ ಕರೆದುಕೊಂಡು ಹೋದರು. ಹೋದರೆ ಏನಿದೆ? ಕಬ್ಬು! "ಕಬ್ಬ ನೋಡಾಕ ಇಷ್ಟ ದೂರ ಬಂದ್ವೇನ?" ಎಂದು ಇವರು ಗೊಣಗುತ್ತಿರುವಾಗಲೇ ರಸ್ತೆಯ ಬದಿಯಲ್ಲಿ ಒಂದು ಹಿಂಡು ಕಂಡಿತು. ಬಸ್ಸು ನಿಂತದ್ದೇ ತಡ, ಇವರು ಇಳಿದರು. ಕಂದು ಮೈ, ಕರಿ ಹೊಟ್ಟೆ, ನುಣುಪು ಕೂದಲು. ಹಿಂಡಿನ ಜೊತೆಗೆ ಒಬ್ಬ ಮುದುಕ.

"ಆಡ ಚಲೋ ಅದಾವ" ಎಂದು ಇವರು ಮೆಚ್ಚಿ, ನನಗೆ ಇಂಗ್ಲಿಷಿನಲ್ಲಿ ಹೇಳಲು ಹೇಳಿದರು. ಹೇಳಿದೆ. ಮುದುಕ ತಲೆ ಅಲ್ಲಾಡಿಸಿ, "ಶೀಪ್" ಎಂದ.

"ಕುರಿ ಅಂತಾನ್ರಿ."

"ಏ ಕಾಕಾ, ಯಾರಿಗ ಹೇಳ್ತೀರಿ? ಕುರಿ ನಡುವ ಹುಟ್ಟಿದಾಂವ ನಾ. ಆಡ ಇವು!" ಎಂದು ಇವರು ನೇರ ಕನ್ನಡಕ್ಕೇ ಇಳಿದರು.

"ಶೀಪ್."

"ಆಡು!"

"ಶೀಪ್!"

ಇವರು ಹೆಗಲ ಮೇಲಿನ ಕಂಬಳಿ ತೆಗೆದು ಮುದುಕನ ಕೈಗೆ ಹಿಡಿಸಿದರು. "ಕುರಿ ಅಂದ್ರ ಮೈಮ್ಯಾಲ ಇದ ಬರಬೇಕ್ರಿ!" ಆ ಬಿಸಿಲಿನಲ್ಲಿ ಉಣ್ಣೆ ಮುಟ್ಟಿದ ಮುದುಕ, ಕಾದ ಹಂಚು ಮುಟ್ಟಿದವನಂತೆ ಕೈ ಜಾಡಿಸಿದ. ಬಸ್ಸಿನಲ್ಲಿದ್ದ ಡೀಲರುಗಳೆಲ್ಲ ಇಳಿದು ಎರಡು ಪಕ್ಷವಾದರು. ಅಷ್ಟರಲ್ಲಿ ಹಿಂಡಿನಲ್ಲಿ ಒಂದು ಕೂಗಿತು. ಇವರು ಥಟ್ಟನೆ ಸುಮ್ಮನಾದರು. ಕಣ್ಣು ಮುಚ್ಚಿ ಕತ್ತು ವಾಲಿಸಿದರು. ಅದು ಇನ್ನೊಮ್ಮೆ ಕೂಗಿತು.

"ಥೂ ಇದರ! ದನಿ ಕುರೀದ ಐತಿ."

ಸೋತವರು ಮರ್ಯಾದೆಯಿಂದ ಸೋತರು. ಮುದುಕನ ಕೈಗೆ ಕರದಂಟು ಕೊಟ್ಟು, ಕೈ ಮುಗಿದು ಬಸ್ಸು ಹತ್ತಿದರು. "ಉಣ್ಣಿ ಇಲ್ಲದ ಕುರಿ! ಈ ಊರಾಗ ರಸಾ ಇಲ್ಲದ ಕಬ್ಬೂ ಇದ್ದೀತು" ಎಂದು ಹೋಟೆಲಿನವರೆಗೂ ಗೊಣಗಿದರು.

"ಅಷ್ಟೊತ್ತು ನೋಡಿ ಗೊತ್ತಾಗಲಿಲ್ಲ, ದನಿ ಕೇಳಿದಕೂಡ್ಲೆ ಹ್ಯಾಂಗ ಗೊತ್ತಾತ್ರಿ?" ಎಂದು ನಾನು ಚುಚ್ಚಿದೆ.

"ಕಣ್ಣ ಮೋಸಾ ಹೋಗ್ತಾವ. ಕಿವಿ ಹಂಗಲ್ಲ."

ಸೋತ ಪೈಲವಾನನ ಮಾತು ಎಂದುಕೊಂಡು ನಕ್ಕೆ.

ಕೊನೆಯ ದಿನ ಬಂದೇಬಿಟ್ಟಿತು. ಮರುದಿನ ಬೆಳಿಗ್ಗೆ ವಿಮಾನ. ಸಂಜೆ ಎಲ್ಲ ಜೋಡಿಗಳೂ ಉಸುಕಿಗೆ ಇಳಿದಿದ್ದವು. ನಾನು ಸಿಮೆಂಟಿನ ಹಾದಿಯ ಮೇಲೆ ಆ ಬೆನ್ನಿನ ಹಿಂದೆ ನಿಂತಿದ್ದೆ. ನನಗೆ ಸಾಕಾಯಿತು. ಎಂದಾದರೂ ಏನಾದರೂ ಕೇಳಿದ್ದೇನೆಯೇ? ಕೇಳಿದ್ದು ಒಂದೇ.

"ನಾ ಒಬ್ಬಾಕೇನ ಹೋಗ್ತೇನ್ರಿ" ಎಂದವಳೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಇಳಿದೇಬಿಟ್ಟೆ.

ಹಿಂದೆ ಬೂಟು ಬಿಚ್ಚುವ ಸಪ್ಪಳ. ಇವರು ಪ್ಯಾಂಟು ಮಂಡಿಯವರೆಗೆ ಮಡಚಿ, ಕಾಲುಚೀಲ ಜೇಬಿಗೆ ತುರುಕಿ ಇಳಿದು ಬಂದರು. ಬಂದು ಏನು ಮಾಡಿದರು? ಸರಸರ ನನ್ನನ್ನು ದಾಟಿ ಹತ್ತು ಮಾರು ಮುಂದೆ ಹೋದರು! ಅದೇ ಸುಕ್ಕು, ಅದೇ ಕಂಬಳಿ. ಇಷ್ಟು ದೂರ ಬಂದದ್ದು ಇದಕ್ಕೇನಾ ಎನ್ನಿಸಿತು.

ಆಗ ಇವರು ತಿರುಗಿ ನೋಡಿದರು.

ಎರಡು ಹೆಜ್ಜೆ ನಡೆದು ಮತ್ತೆ ತಿರುಗಿದರು. ಮತ್ತೆ ಎರಡು ಹೆಜ್ಜೆ, ಮತ್ತೆ ತಿರುಗಿದರು. ಕಾಳು ಹೆಕ್ಕುವ ಕೋಳಿಯ ಕತ್ತೂ ಅಷ್ಟು ಆಡುವುದಿಲ್ಲ. ಎದುರಿನಿಂದ ಬರುತ್ತಿದ್ದ ಹುಕ್ಕೇರಿ ಸಾವಕಾರರು ಬಿಟ್ಟಾರೆಯೇ? "ಏನ್ರಿ ಗೋಕಾಕದ ಮಾಲಕ್ರ, ಟೀಚರ್ ಓಡಿ ಹೊಕ್ಕಾರಂತ ಅಂಜಿಕೇನ?"

ಇವರು ನಿಂತರು. ನಾನು ಹತ್ತಿರ ಬರುವವರೆಗೂ ನಿಂತೇ ಇದ್ದರು. ನಾನೂ ಅಭ್ಯಾಸಬಲದಿಂದ ಹಿಂದೆಯೇ ನಿಂತೆ.

"ಹಿಂದ್ಯಾಕ ನಿಂತಿ? ಬಾಜೂಕ ಬಾ."

"ಯಾಕ್ರಿ? ಹುಕ್ಕೇರಿಯವ್ರು ನೋಡಾಕತ್ತಾರ."

"ನೋಡ್ಲಿ. ಇಲ್ಲೆ ನಿನ್ನ ಸಪ್ಪಳಾ ಬರವಲ್ದು."

"ಏನ್ ಸಪ್ಪಳಾ?"

ಇವರು ಸಮುದ್ರದ ಕಡೆ ನೋಡುತ್ತ ಹೇಳಿದರು: "ಹಿಂಡಿನ ಮುಂದ ನಡ್ಯಾಂವ ಹೊಳ್ಳಿ ನೋಡಬಾರ್ದು. ನೋಡಿದ್ರ ಹಿಂಡ ನಿಲ್ಲತೈತಿ. ಎಲ್ಲಾ ಬಂದ್ವೋ ಇಲ್ಲೋ ಕಿವಿಲೇ ತಿಳ್ಕೋಬೇಕು. ಅಪ್ಪ ಹಂಗ ಕಲಿಸಿದ್ದ. ಡಾಂಬರ ಮ್ಯಾಲ ನಿನ್ನ ಚಪ್ಪಲಿ ಸಪ್ಪಳಾ ಬರತೈತಿ. ಉಸುಕಿನ್ಯಾಗ ಏನೂ ಬರಾಂಗಿಲ್ಲ, ಮ್ಯಾಲ ಈ ನೀರಿನ ಗದ್ದಲ ಬ್ಯಾರೆ. ಅದಕ್ಕ ಇಳಿಯಾಕ ಒಲ್ಲೆ ಅಂದಿದ್ದು."

"ಅಂದ್ರ ಇಷ್ಟ ವರ್ಷ ನನ್ನ ಕುರಿ ಮಾಡೀರೇನ್ರಿ?"

"ಕುರಿ ಆಗಿದ್ರ ಹೇಳಿದ ಮಾತ ಕೇಳತಿತ್ತು" ಎಂದರು. ಆಮೇಲೆ ನನ್ನ ಕಾಲು ನೋಡಿ ಹೇಳಿದರು: "ಪ್ಯಾಟ್ಯಾಗ ಎಷ್ಟ ಮಂದಿ ಇದ್ರೂ ನಿಂದು ಗೊತ್ತಾಕ್ಕೈತಿ. ಎಡಗಾಲ ಚೂರ ಎಳೀತಿ."

ಬಸ್ಸಿನಿಂದ ಬಿದ್ದು ಉಬ್ಬಿದ ಆ ಕಾಲು ಪೂರ್ತಿ ವಾಸಿಯಾಗಲೇ ಇಲ್ಲ. ಹೆಣ್ಣು ನೋಡಲು ಬಂದವರಿಗೆ ಕಾಣಬಾರದೆಂದು ಆ ಕುಂಟು ಮುಚ್ಚಿ ನಡೆಯಲು ಕಲಿತಿದ್ದೆ. ನನ್ನ ಅವ್ವನಿಗೂ ಹೇಳಿರಲಿಲ್ಲ, ಹೇಳಿದ್ದರೆ ಕಾಲೇಜೇ ಬಿಡಿಸುತ್ತಿದ್ದಳು. ಯಾರ ಕಣ್ಣಿಗೂ ಬೀಳದ್ದು, ಬೆನ್ನು ತಿರುಗಿಸಿ ನಡೆಯುವ ಈ ಮನುಷ್ಯನ ಕಿವಿಗೆ ಬಿದ್ದಿತ್ತು. ಮೂಡಲಗಿಯಲ್ಲಿ ಚಪ್ಪಲಿ ಕಳೆದ ದಿನ ಇವರು ಮತ್ತೆ ಮತ್ತೆ ತಿರುಗಿದ್ದೇಕೆಂದು ಆಗ ತಿಳಿಯಿತು.

ಬಾಜೂಕೆ ಬಂದೆ. ನಡೆದೆವು. ಪಕ್ಕದಿಂದ ಇವರ ಮೂಗು ಇಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ! ಹುಕ್ಕೇರಿ ಅಕ್ಕ ತೆಗೆದ ಫೋಟೋ ನನ್ನ ಮೊಬೈಲಿನಲ್ಲಿದೆ. ನಮ್ಮಿಬ್ಬರ ನಡುವೆ ಒಂದು ಎಮ್ಮೆ ಆರಾಮವಾಗಿ ಹಾದುಹೋಗುವಷ್ಟು ಜಾಗವಿದೆ. ಇರಲಿ, ಬಾಜೂ ಅಂದರೆ ಬಾಜೂ.

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಇವರು ಚೀಲ ಎತ್ತಿಕೊಂಡು ಹತ್ತು ಮಾರು ಮುಂದೆ ಹೊರಟರು. ಎಂಥ ಬಾರ್ಬಡೋಸು, ಎಂಥ ಬಾಜೂ!

ಸಾಲಿಯ ಟೀಚರುಗಳು ಈಗ ಎಲ್ಲರೂ ಮೆತ್ತಗಿನ, ಸದ್ದಾಗದ ಚಪ್ಪಲಿ ಹಾಕುತ್ತಾರೆ. ಕಾಲಿಗೆ ಒಳ್ಳೆಯದು, ನೀವೂ ತಗೊಳ್ಳಿ ಎನ್ನುತ್ತಾರೆ. ನಾನು ಒಲ್ಲೆ ಎಂದಿದ್ದೇನೆ. ಗಟ್ಟಿ ಅಟ್ಟೆಯದನ್ನೇ ಹಾಕಿ, ಪೇಟೆಯ ಡಾಂಬರಿನ ಮೇಲೆ ಕುಂಟು ಮುಚ್ಚದೆ ಎಡಗಾಲು ಎಳೆದುಕೊಂಡೇ ನಡೆಯುತ್ತೇನೆ. ಸೀರೆ ಅಂಗಡಿಯ ಮುಂದೆ ಬೇಕೆಂದೇ ನಿಲ್ಲುತ್ತೇನೆ. ಹತ್ತು ಮಾರು ಮುಂದೆ ಆ ಬೆನ್ನೂ ನಿಲ್ಲುತ್ತದೆ.