ಸಣ್ಣಮಾವನವರ ಕಿರುಬೆರಳ ಪತ್ತೇದಾರಿ

ನಮ್ಮ ಸಣ್ಣಮಾವನವರಿಗೆ ಬದುಕಿದ್ದವರೆಂದರೆ ಅಷ್ಟಕ್ಕಷ್ಟೇ. ಎದುರಿಗೆ ನಿಂತವನ ಹೆಸರನ್ನು ಮೂರು ಸಲ ಹೇಳಿದರೂ ಮರೆಯುತ್ತಿದ್ದರು. ಅವನ ಮುತ್ತಜ್ಜನ ಹೆಸರನ್ನು ಒಮ್ಮೆ ಕೇಳಿದರೆ ಮಾತ್ರ ಸಾಯುವತನಕ ನೆನಪು! ಅವರು ನನ್ನ ಮಾವನ ತಮ್ಮ. ಮದುವೆಯಾಗಿರಲಿಲ್ಲ. ಊರವರ ವಂಶವನ್ನೆಲ್ಲ ಹುಡುಕಿ ವಹಿಯಲ್ಲಿ ಬರೆಯುತ್ತ ಕೂತವರಿಗೆ ಸ್ವಂತ ವಂಶ ಬೆಳೆಸಲು ಪುರುಸೊತ್ತೆಲ್ಲಿ?

ನನ್ನನ್ನು ನೋಡಲು ಹುಕ್ಕೇರಿಗೆ ಬಂದಾಗ ಅವರೂ ಬಂದಿದ್ದರು. ಹುಡುಗಿ ನೋಡಲು ಬಂದವರು ಏನು ಕೇಳುತ್ತಾರೆ? ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದಲ್ಲವೇ? ಇವರು ಕೇಳಿದ್ದು, "ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನವಾ?"

"ಗೊತ್ತಿಲ್ರಿ," ಎಂದೆ.

"ನಿಂಗಪ್ಪ," ಎಂದು ಅವರೇ ಹೇಳಿ, ನನ್ನ ಎಡಗೈ ಚಾಚಿಸಿ ಕಿರುಬೆರಳನ್ನು ದಿಟ್ಟಿಸಿ ನೋಡಿದರು. ಒಳಗಿನಿಂದ ಅವ್ವ ಪಿಸುಗುಟ್ಟಿದಳು: "ಕೈ ನೋಡಿ ಭವಿಷ್ಯ ಹೇಳಾವ್ರು ಕಾಣತಾರ, ಬಲಗೈನೂ ತೋರಸು!"

ನಾನು ನಾಲ್ಕನೆಯ ಇಯತ್ತೆವರೆಗೆ ಸಾಲಿ ಕಲಿತಿದ್ದೇನೆಂದು ತಿಳಿದಾಗ, ವಹಿ ಬರೆಯಲು ಒಂದು ಕೈ ಸಿಕ್ಕಿತೆಂದು ಅವರ ಮುಖ ಅರಳಿತು. "ಹುಡುಗಿ ಪಾಸ್" ಎಂದರಂತೆ. ನನ್ನ ಗಂಡ ಆಗಿನ್ನೂ ನನ್ನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ನಾಗನೂರಿಗೆ ಸೊಸೆಯಾಗಿ ಬಂದ ಮೇಲೆ ಈ ಬೆರಳಿನ ಗುಟ್ಟು ತಿಳಿಯಿತು. ಆ ಮನೆತನದವರ ಎಡಗೈ ಕಿರುಬೆರಳು ಹುಟ್ಟಾ ಕುಡುಗೋಲಿನ ಹಾಗೆ ಬಾಗಿರುತ್ತದೆ. ಸಣ್ಣಮಾವನವರಿಗೂ ಇತ್ತು, ಅವರ ಅಪ್ಪನಿಗೂ ಇತ್ತು. ಆ ಅಪ್ಪನನ್ನು ಮನೆಮಂದಿಯೆಲ್ಲ ಅಜ್ಜ ಎನ್ನುತ್ತಿದ್ದೆವು. ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು.

ಮೂರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಹಳೆಯ ಹೊತ್ತಿಗೆ ಬಿಚ್ಚಿ ಮನೆತನದ ಹೆಸರುಗಳನ್ನೆಲ್ಲ ಸಾಲಾಗಿ ಹೇಳುವವನು. ನಮ್ಮ ಸಾಲಿನಲ್ಲಿ ಅಜ್ಜನ ಅಪ್ಪನ ಹೆಸರು ಬಂದಾಗ ಮಾತ್ರ, "ಅವರಿಗೆ ಮೂವರು ಗಂಡುಮಕ್ಕಳು. ಅಡಿವೆಪ್ಪ, ಬಾಳಪ್ಪ..." ಎಂದು ಗಂಟೆ ಬಾರಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದ. ಅಡಿವೆಪ್ಪ ಎಂದರೆ ಅಜ್ಜನ ತೀರಿಹೋದ ಹಿರಿಯಣ್ಣ, ಬಾಳಪ್ಪ ಎಂದರೆ ನಮ್ಮ ಅಜ್ಜ. ಮೂರನೆಯವ ಯಾರು?

ಸಣ್ಣಮಾವನವರು ಕೇಳದೆ ಬಿಟ್ಟಾರೆಯೇ! ಹೆಳವ ಕೈಮುಗಿದನಂತೆ: "ನಿಮ್ಮ ಮುತ್ಯಾ ಎತ್ತು ಕೊಟ್ಟು, ಆ ಹೆಸರ ಹೇಳಬ್ಯಾಡ ಅಂತ ನಮ್ಮಪ್ಪನ ಕಡೆ ಮಾತ ತಗೊಂಡಾರ್ರಿ. ಹೆಸರ ನಾ ಹೇಳಾಂಗಿಲ್ಲ. ಎಣಿಕಿ ಸುಳ್ಳ ಮಾಡಾಂಗಿಲ್ಲ. ನೀವ ಹುಡಕಿ ತಂದ್ರ ಓದತೀನಿ."

ಅಜ್ಜನನ್ನು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಮೂವರು ಎಂಬ ಮಾತು ಬಂದಾಗಲೆಲ್ಲ ಅವರು ಹೆಗಲ ಟುವಾಲಿನಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ಸಣ್ಣಮಾವನವರು ಚಿಕ್ಕಂದಿನಿಂದಲೂ ಕಂಡಿದ್ದರು. "ಅಪ್ಪನ ಕಣ್ಣ ಮುಚ್ಚೂದರಾಗ ಆ ಹೆಸರ ಅವನ ಕಿವಿಗೆ ಬೀಳಬೇಕು ನೋಡವಾ," ಎಂದು ನನ್ನ ಮುಂದೆ ಒಮ್ಮೆ ಹೇಳಿದರು. ಅವರು ನಗದೇ ಹೇಳಿದ ಮಾತು ನಾನು ಕೇಳಿದ್ದು ಅದೊಂದೇ.

ಶೋಧ ಮಾತ್ರ ನಗೆಪಾಟಲು! ಗೋಕಾಕದ ಸಂತೆಯಲ್ಲಿ ಸಾಮಾನು ಕೊಡುವವರ ಬೆರಳು ಕಾಣಲೆಂದೇ ಇವರ ವ್ಯಾಪಾರ. ಪೂಜೆಗೆ ಬಾಳೆಹಣ್ಣು ತನ್ನಿರೆಂದರೆ ಬಣ್ಣ ಬಳಿದ ಕಟ್ಟಿಗೆಯ ಬಾಳೆಹಣ್ಣು ತಂದರು. ಆ ಆಟಿಕೆ ಮಾಡುವವನ ಕಿರುಬೆರಳು ಬಾಗಿತ್ತಂತೆ! ವಿಚಾರಿಸಿದರೆ ಅದು ಉಳಿಯ ಪೆಟ್ಟಿಗೆ ಬಾಗಿದ್ದು. "ದೇವರಿಗೆ ಇದನ್ನ ಏರಿಸಲೇನ್ರಿ?" ಎಂದೆ. "ಏರಸು. ಕೊಳಿಯೂದಿಲ್ಲ," ಎಂದರು.

ಮೂಡಲಗಿಯ ಕಥೆ ಇನ್ನೂ ಚಂದ. ಗಂಡು ಹೆಣ್ಣು ಒಂದೇ ಬೆಡಗಿನವರಾದರೆ ನಮ್ಮಲ್ಲಿ ಅಣ್ಣ ತಂಗಿ ಎಂದೇ ಲೆಕ್ಕ, ಮದುವೆಯಾಗುವ ಹಾಗಿಲ್ಲ. ಅಲ್ಲೊಂದು ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಇವರು ಎದ್ದು ನಿಂತು, "ತಡೀರಿ! ಇಬ್ಬರದೂ ಒಂದ ಬೆಡಗು!" ಎಂದು ಕೂಗಿಬಿಟ್ಟರು. ಹೆಣ್ಣಿನ ತಾಯಿ ಕುಸಿದು ಕೂತಳು. ಹಿರಿಯರು ಕೂಡಿ ತಾಳೆ ನೋಡಿದಾಗ ತಿಳಿದದ್ದೇನು? ಇವರ ವಹಿಯಲ್ಲಿದ್ದ ಹೆಣ್ಣು ಈ ಹಂದರದ್ದು, ಗಂಡು ಬಾಜೂ ಹಂದರದ್ದು! ಹಾಗಂತ ನಾಚಿಕೊಂಡು ಮನೆಗೆ ಬಂದರೇ? ಎರಡೂ ಹಂದರದಲ್ಲಿ ಉಂಡು ಬಂದರು. ಒಂದು ಕಡೆ ಕ್ಷಮೆ ಕೇಳಲು, ಇನ್ನೊಂದು ಕಡೆ ಹೋಳಿಗೆ ಚೆನ್ನಾಗಿತ್ತೆಂದು.

ಹೀಗೆ ಹತ್ತು ವರ್ಷ. ಮೂರನೆಯವ ಸನ್ಯಾಸಿಯಾಗಿರಬೇಕೆಂದು ಮಠಗಳಲ್ಲಿ ಹುಡುಕಿದರು. ಪಲ್ಟಣ ಸೇರಿರಬೇಕೆಂದು ಪಿಂಚಣಿಯ ಮುದುಕರ ಕೈ ನೋಡಿದರು. ಅಜ್ಜ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಹೋದರು. ಹೆಳವ ಬರುವ ವರ್ಷ ಮತ್ತೆ ಬಂತು.

ಒಂದು ಮುಂಜಾನೆ ಅಜ್ಜನಿಗೆ ಹಾಲು ಕುಡಿಸುತ್ತಿದ್ದೆ. ಬಟ್ಟಲು ಹಿಡಿದ ಅವರ ಬೆರಳು ನೋಡಿ ನನಗೆ ತವರು ನೆನಪಾಯಿತು. "ನಮ್ಮ ಹುಕ್ಕೇರಿಗೆ ಬಯಲಾಟಕ್ಕ ಒಬ್ಬ ಅಜ್ಜಾರು ಬರತಿದ್ರಿ, ರಾಣಿ ಪಾತ್ರ ಮಾಡಾವ್ರು. ಅವರ ಕಿರಿಬಳ್ಳೂ ಹಿಂಗ ಇತ್ರಿ," ಎಂದೆ.

ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಅಜ್ಜ ಕೇಳಿದರು: "ಸೀರಿ ಚಲೋ ಉಡ್ತಿದ್ನೇನು?"

ಕಟ್ಟೆಯ ಮೇಲೆ ಕೂತಿದ್ದ ಸಣ್ಣಮಾವನವರು ಒಳಗೆ ನುಗ್ಗಿದರು. "ಇಷ್ಟ ವರ್ಷ ಯಾಕ ಹೇಳಲಿಲ್ಲವಾ?"

"ಮುತ್ತಜ್ಜನ ಅಪ್ಪನ ಹೆಸರ ಕೇಳಿದ್ರಿ, ನನ್ನ ಬಳ್ಳು ನೋಡಿದ್ರಿ. ಇಂಥಾ ಬಳ್ಳು ಎಲ್ಲಾದರೂ ನೋಡೀಯೇನು ಅಂತ ಕೇಳಲಿಲ್ಲಲ್ರಿ!"

ಅವರು ಚಪ್ಪಲಿಯನ್ನೂ ಮೆಟ್ಟದೆ ಹೊರಟರು. ಹುಕ್ಕೇರಿಯಲ್ಲಿ ವಿಚಾರಿಸಿ, ಕೊನೆಗೆ ದಡ್ಡಿಯಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದ ಆ ಮುದುಕನನ್ನು ಹಿಡಿದರು. ಹೆಸರು ಲಗಮಪ್ಪ. ನಮ್ಮ ಅಜ್ಜನ ತಮ್ಮನೇ! ಸೀರೆ ಉಟ್ಟು ಕುಣಿಯಲು ಹೋದನೆಂದು ಅಪ್ಪ ಅವನನ್ನು ಹೊರಗೆ ಹಾಕಿದ್ದ. ಇನ್ನು ಮೇಲೆ ಅವನ ಹೆಸರೆತ್ತುವುದಿಲ್ಲವೆಂದು ಉಳಿದಿಬ್ಬರಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದ. ಸಣ್ಣಮಾವನವರು ಮನೆಗೆ ಕರೆದರೆ ಮುದುಕ ಒಪ್ಪಲಿಲ್ಲ. "ನನ್ನ ಹೆಸರಿಲ್ಲದ ಮನಿಗೆ ನಾ ಹ್ಯಾಂಗ ಬರ್ಲೊ? ಹೆಳವ ಓದಿದರ ಹೊಸ್ತಲಾ ದಾಟತೀನಿ," ಎಂದನಂತೆ.

ಹೆಳವ ಬಂದ ದಿನ ಸಣ್ಣಮಾವನವರು ಅವನ ಕಿವಿಯಲ್ಲಿ ಆ ಹೆಸರು ಹೇಳಿ, ತಾವು ಕರುವಿನಿಂದ ಸಾಕಿದ ಎತ್ತಿನ ಹಗ್ಗವನ್ನು ಅವನ ಕೈಗಿಟ್ಟರು. "ಬಿಡಾಕ ಒಂದ ಎತ್ತ ಕೊಟ್ಟಾರ, ಓದಾಕ ಇದೊಂದು." ಹೆಳವ ಹೊತ್ತಿಗೆ ತಿರುವಿ ತೋರಿಸಿದ. ಹೆಸರು ಅಲ್ಲೇ ಇತ್ತು. "ನಮ್ಮಪ್ಪ ಅಳಿಸಿಲ್ರಿ. ಓದಿಲ್ಲ, ಅಷ್ಟ." ಹಾಗಾದರೆ ಎತ್ತು ಬೇಡ ಎಂದನೇ? ಛೆ, ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ!

ಅಜ್ಜನನ್ನು ಪಡಸಾಲೆಯಲ್ಲಿ ಕೂಡಿಸಿದ್ದೆವು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೆಳವ ದನಿ ಎತ್ತಿದ: "ಅವರಿಗೆ ಮೂವರು ಗಂಡುಮಕ್ಕಳು. ಅಡಿವೆಪ್ಪ, ಬಾಳಪ್ಪ..." ಅಜ್ಜನ ಕೈ ಆಗಲೇ ಟುವಾಲಿಗೆ ಹೋಗಿತ್ತು.

"...ಲಗಮಪ್ಪ."

"ಓ," ಎಂದಿತು ಹೊರಗಿನಿಂದ ಒಂದು ದನಿ.

ಅಜ್ಜ ತಡವರಿಸುತ್ತ ಎದ್ದು ಹೊಸ್ತಿಲ ಕಡೆಗೆ ಎರಡೂ ಕೈ ಚಾಚಿದರು. ಅಪ್ಪನಿಗೆ ಕೊಟ್ಟ ಆಣೆಯನ್ನು ಆಗಲೂ ಮುರಿಯಲಿಲ್ಲ, ಹೆಸರು ಹೇಳಲಿಲ್ಲ. "ತಮ್ಮಾ, ಒಳಗ ಬಾ," ಎಂದರು. ಆ ಮುದುಕ ಹೊಸ್ತಿಲು ದಾಟಿ ಬಂದು ಅವರ ಕಾಲಿಗೆ ಬಿದ್ದ. ನಾವೆಲ್ಲ ಅತ್ತೆವು.

ಸಣ್ಣಮಾವನವರು ಎಲ್ಲಿ ಎಂದು ನೋಡಿದೆ. ಬಾಗಿಲ ಹಿಂದೆ ವಹಿ ಬಿಚ್ಚಿ ನಿಂತಿದ್ದರು. ಹತ್ತು ವರ್ಷ ಖಾಲಿ ಬಿಟ್ಟ ಜಾಗದ ಮೇಲೆ ಸೀಸಪೆನ್ಸಿಲು ಊರಿ ಹಾಗೇ ನಿಂತಿತ್ತು. ನನ್ನನ್ನು ಕಂಡು ವಹಿ ಚಾಚಿದರು.

"ನೀನ ಬರಿಯವ್ವಾ," ಎಂದರು. "ನನಗ ಅಕ್ಷರ ಕಾಣವಲ್ವು."