ಹೊಸತೊಡಕಿನ ಸ್ಯಾಂಡ್‌ವಿಚ್

ಯುಗಾದಿಯ ಮರುದಿನ ಬಾಡೂಟ ಮಾಡದಿದ್ದರೆ ವರ್ಷವಿಡೀ ನಾಲಗೆಗೆ ಉಪವಾಸ ಎಂಬುದು ಮದ್ದೂರಿನ ಕಡೆಯ ಚಂದ್ರಕಾಂತನ ಮನೆತನದ ನಂಬಿಕೆ. ಆ ದಿನವೇ ಹೊಸತೊಡಕು. ಆದರೆ ದೆಹಲಿಯ ಪಂಚಾಂಗಕ್ಕೆ ಮದ್ದೂರಿನ ಮೇಲೆ ಕರುಣೆಯಿಲ್ಲ. ಅಲ್ಲಿ ಯುಗಾದಿಯಂದೇ ಚೈತ್ರದ ನವರಾತ್ರಿ ಶುರು. ಅವನು ಈಗ ವಾಸವಿರುವ, ದೆಹಲಿಯ ಅಂಚಿನ ಇಂದಿರಾಪುರಂನ ಕೋಳಿ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಒಂಬತ್ತು ದಿನದ ಧ್ಯಾನಕ್ಕೆ ಕೂತಿದ್ದವು.

ಬೆಳಿಗ್ಗೆ ಖಾಲಿ ಚೀಲ ಹಿಡಿದು ಮರಳಿದ ಗಂಡನನ್ನು ಧಾರಿಣಿ ಒಳಗೆಳೆದು ಬಾಗಿಲು ಹಾಕಿದಳು.

"ಇವತ್ತೇ ಆಗ್ಬೇಕಿತ್ತಾ ನಿಮ್ಮ ಕೋಳಿ ಹುಡುಕಾಟ? ಸಂಜೆ ನಾರಾಯಣಸ್ವಾಮಿ ಸಾರ್ ಮುಂದಿನ ವರ್ಷದ ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕ್ತಾರೆ. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರಿ. ತಿನ್ನೋಕೂ ತೆಗೀಬೇಡಿ, ಮಾತಿಗೂ ತೆಗೀಬೇಡಿ."

ನಾರಾಯಣಸ್ವಾಮಿ ಮನೆಯ ಮಾಲೀಕರು. ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಕೆಳಗಿನ ಮಹಡಿಯಲ್ಲೇ ವಾಸ. ಕಳೆದ ವರ್ಷ ಮನೆ ಬಾಡಿಗೆಗೆ ಕೊಡುವಾಗ, "ನೀವೂ ನಮ್ಮ ಹಾಗೇ ಸಸ್ಯಾಹಾರಿಗಳು ತಾನೇ?" ಎಂದು ಕೇಳಿದ್ದರು. ಚಂದ್ರಕಾಂತ ಕೆಮ್ಮಿದ್ದ. ಕೆಮ್ಮುವಾಗ ತಲೆ ಅಲ್ಲಾಡುತ್ತದೆ. ಅವರು ಅದನ್ನು ಹೌದು ಎಂದುಕೊಂಡರು, ಇವನು ತಿದ್ದಲಿಲ್ಲ. ಮಗಳ ಶಾಲೆ ಎದುರಿಗೇ ಇರುವ, ಜೂನ್ ತಿಂಗಳಲ್ಲೂ ಗಾಳಿಯಾಡುವ ಅಂಥ ಮನೆ ಆ ಬಾಡಿಗೆಗೆ ಇಡೀ ಗಾಜಿಯಾಬಾದಿನಲ್ಲಿ ಇನ್ನೊಂದು ಸಿಗುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನಿಗೊಂದು ಹಂಚಿಕೆ ಹೊಳೆಯಿತು. ಮೆಟ್ರೋ ಸ್ಟೇಷನ್ ಬಳಿಯ ಮಾಲ್‌ನಲ್ಲಿ ಕರಿದ ಕೋಳಿಯ ಸ್ಯಾಂಡ್‌ವಿಚ್ ಮಾರುವ ಅಂಗಡಿಯೊಂದಿತ್ತು. ಅದರ ಬೋರ್ಡಿನ ಮೇಲೆ ಕಪ್ಪು ಕನ್ನಡಕ ಹಾಕಿದ ಹುಂಜ. ಅದು ಬಾಗಿಲು ತೆರೆದಿದೆಯೆಂದು ಫೋನು ಹೇಳುತ್ತಿತ್ತು. ಚಂದ್ರಕಾಂತ ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ ಮಾಡುವವನು. ನವರಾತ್ರಿಯಲ್ಲಿ ಕೋಳಿ ಅಂಗಡಿಗೆ ಯಾರು ಬರುತ್ತಾರೆ? ಪರಿಚಯದವರು ಎದುರಾಗುವ ಸಂಭವ ಸೊನ್ನೆ. ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ಹೊರಟ.

ಅಂಗಡಿ ಕಿಕ್ಕಿರಿದಿತ್ತು.

ಅವನು ಬಾಗಿಲಲ್ಲೇ ನಿಂತುಬಿಟ್ಟ. ಹಣೆಗೆ ಕುಂಕುಮ, ಮಣಿಕಟ್ಟಿಗೆ ಕೆಂಪು ದಾರ, ತಲೆಗೆ ಸೆರಗು. ಅವನ ಹೌಸಿಂಗ್ ಸೊಸೈಟಿಯ ಭಜನಾ ಮಂಡಳಿಯ ಅರ್ಧ ಅಲ್ಲೇ ಇತ್ತು. ಎಲ್ಲರೂ ಕರುಂಕುರುಂ ಎಂದು ಸ್ಯಾಂಡ್‌ವಿಚ್ ಕಚ್ಚುತ್ತಿದ್ದರು, ಯಾರ ಮುಖದಲ್ಲೂ ನಾಚಿಕೆಯಿರಲಿಲ್ಲ. ಚಂದ್ರಕಾಂತನ ಎದೆಯೊಳಗೆ ಏನೋ ಮೆತ್ತಗೆ ಕರಗಿತು. ಹಾಗಾದರೆ ಲೋಕವೆಲ್ಲ ತನ್ನಂತೆಯೇ! ಎಲ್ಲರೂ ಎಲ್ಲೋ ಕೆಮ್ಮಿದವರೇ!

"ನವರಾತ್ರಿ ಸ್ಪೆಷಲ್, ಸರ್?" ಕೌಂಟರಿನವನು ಕೇಳಿದ.

ಹಬ್ಬದ ರಿಯಾಯಿತಿ ಇರಬೇಕು. "ಹಾಂ ಭಯ್ಯಾ, ವಹೀ," ಎಂದು ಅದನ್ನೇ ಕೊಡಲು ಹೇಳಿದ.

ಮೂಲೆಯ ಮೇಜಿಗೆ ಬಂದು ಕಾಗದ ಬಿಚ್ಚಿದ. ಎರಡು ಮೆತ್ತನೆಯ ಬನ್ನುಗಳ ನಡುವೆ ಬಂಗಾರದ ಬಣ್ಣದ ತುಂಡು, ಮಗು ಹಾಸಿಗೆಯಿಂದ ಕಾಲು ಹೊರಗೆ ಚಾಚಿದ ಹಾಗೆ, ಎರಡೂ ಬದಿಗೆ ಚಾಚಿಕೊಂಡಿತ್ತು. ಕಚ್ಚಿದ. ಹೊರಗೆ ಗರಿಗರಿ, ಒಳಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುವಷ್ಟು ಮೃದು. ಕಣ್ಣು ತಾನಾಗಿ ಮುಚ್ಚಿತು. ಹೆದ್ದಾರಿಯ ಮೇಲೆ ವಿಶ್ವೇಶ್ವರಯ್ಯ ನಾಲೆ ಹರಿಯತೊಡಗಿತು. ಮೇಜು ಮೆಲ್ಲಗೆ ತೇಲಿತು. ಕನ್ನಡಕದ ಹುಂಜ ಹರಿಗೋಲಿಗೆ ಹುಟ್ಟು ಹಾಕುತ್ತಿತ್ತು. ಮೇಲ್ಸೇತುವೆಯ ಮೇಲೆ ಸಾಲಾಗಿ ಎಲೆ ಹಾಕಿಕೊಂಡು ಕೂತಿದ್ದ ಅವನ ಮುತ್ತಾತಂದಿರು, 'ಸರಿ, ನಮ್ಮ ಹುಡುಗನ ಹೊಸತೊಡಕು ಆಯ್ತು' ಎಂದು ತಲೆದೂಗಿದರು.

"ಏನಪ್ಪಾ ಚಂದ್ರಕಾಂತ, ಕೂತಲ್ಲೇ ನಿದ್ದೇನಾ?"

ನಾಲೆ ಬತ್ತಿತು. ಎದುರಿಗೆ ನಾರಾಯಣಸ್ವಾಮಿಯವರ ಹೆಂಡತಿ ಶಾಂತಮ್ಮ ನಿಂತಿದ್ದರು. ಹಿಂದೆ ಟ್ರೇ ಹಿಡಿದು ಸ್ವತಃ ನಾರಾಯಣಸ್ವಾಮಿ.

ಚಂದ್ರಕಾಂತ ಸ್ಯಾಂಡ್‌ವಿಚ್ಚನ್ನು ತೊಡೆಯ ಮೇಲಕ್ಕೆ ಜಾರಿಸಿ ಮೇಲೆ ಟಿಶ್ಯೂ ಹೊದಿಸಿದ. ಬಿಸಿ ಸಾಸ್ ಪ್ಯಾಂಟಿನೊಳಗೆ ಇಳಿದು ಮೊಣಕಾಲಿನ ದಾರಿ ಹಿಡಿಯಿತು. "ಇಲ್ಲಮ್ಮಾ... ಇಲ್ಲಿ ಎಸಿ ಚೆನ್ನಾಗಿದೆ ಅಂತ ಸುಮ್ಮನೆ..."

"ಅದನ್ನ ಯಾಕಪ್ಪಾ ಬಚ್ಚಿಡ್ತೀಯ? ನಾವೇನು ಕಿತ್ಕೊಳ್ತೀವಾ? ತಿನ್ನು. ನಾವೂ ಅದನ್ನೇ ತಗೊಂಡಿರೋದು." ಶಾಂತಮ್ಮ ಎದುರಿಗೇ ಕೂತರು.

ಹೌದು, ಟ್ರೇಯಲ್ಲಿ ಅಂಥವೇ ಎರಡು. ನಾರಾಯಣಸ್ವಾಮಿ 'ಶ್ರೀಹರಿ' ಎಂದು ಕಣ್ಣಿಗೊತ್ತಿಕೊಂಡು ಒಂದನ್ನು ಕಚ್ಚಿದರು. ಕರುಂ ಎಂದಿತು.

ಚಂದ್ರಕಾಂತ ಅವರ ಬಾಯನ್ನೇ ನೋಡಿದ. "ಸಾರ್... ನೀವು ಇಲ್ಲಿಗೆ ಬರ್ತಾ ಇರ್ತೀರಾ?"

"ಛೇ ಛೇ! ಬೇರೆ ದಿನ ಈ ಕಡೆ ತಲೆಯೂ ಹಾಕಲ್ಲ. ನವರಾತ್ರಿಯಲ್ಲಿ ಮಾತ್ರ."

"ವರ್ಷಕ್ಕೆ ಎರಡು ಸಲ," ಎಂದರು ಶಾಂತಮ್ಮ. "ಇಷ್ಟು ರುಚಿ ಮನೇಲಿ ಮಾಡೋಕೆ ಬರಲ್ಲ ನೋಡು. ಎಷ್ಟು ಹದವಾಗಿ ಬೆಂದಿದೆ!"

ಚಂದ್ರಕಾಂತನಿಗೆ ಅವರ ಎದೆಗಾರಿಕೆಯ ಮುಂದೆ ತಾನು ಸೊಳ್ಳೆಯೆನಿಸಿತು. ಮೆಟ್ಟಿಲಲ್ಲಿ ಅವರ ಹೆಜ್ಜೆ ಕೇಳಿದಾಗಲೆಲ್ಲ ನಡುಗಿದ ಒಂದು ವರ್ಷ ಹಗುರಾಗಿ ಮೇಲೇರಿ ಎಸಿಯ ತಂಪಿನಲ್ಲಿ ತೇಲಿಹೋಯಿತು. ಸ್ಯಾಂಡ್‌ವಿಚ್ಚನ್ನು ತೊಡೆಯಿಂದೆತ್ತಿ ಧ್ವಜದಂತೆ ಹಿಡಿದುಕೊಂಡ.

"ಸಾರ್, ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸ್ತಿದೆ. ಸುಮ್ಮನೆ ಎಷ್ಟು ಹೆದರಿದ್ದೆ ಗೊತ್ತಾ? ನಾವೂ ತಿಂತೀವಿ ಸಾರ್! ಪ್ರತಿ ಭಾನುವಾರ! ವಾಸನೆ ಕೆಳಗೆ ಬರಬಾರದು ಅಂತ ಧಾರಿಣಿ ಕಟ್ಟುಗಟ್ಟಲೆ ಊದುಬತ್ತಿ ಹಚ್ತಾಳೆ."

ಶಾಂತಮ್ಮನ ಕೈ ನಿಧಾನವಾಯಿತು. "ಓ, ಅದಕ್ಕಾ ಊದುಬತ್ತಿ? ಎಂಥ ದೈವಭಕ್ತರು ಅಂತ ನಾನು ಸೊಸೈಟಿ ಪೂರ್ತಿ ಹೇಳ್ಕೊಂಡು ಬಂದಿದ್ದೀನಲ್ಲೋ."

"ಅದೇ ಅಮ್ಮಾ!" ಚಂದ್ರಕಾಂತ ನಗುತ್ತ ಮೇಜು ಕುಟ್ಟಿದ. "ಹೋದ ತಿಂಗಳು ನಮ್ಮ ಕುಕ್ಕರ್ ಕೆಟ್ಟಾಗ ನಿಮ್ಮದನ್ನ ಕೊಟ್ಟಿದ್ರಲ್ಲ? ಅದರಲ್ಲಿ ಬೆಂದ ಹಾಗೆ ಕೋಳಿ ಇನ್ಯಾವುದರಲ್ಲೂ ಬೆಂದಿಲ್ಲ. ಅದೇನು ಕೈಗುಣವೋ ನಿಮ್ಮದು!"

ನಾರಾಯಣಸ್ವಾಮಿ ಅಗಿಯುವುದನ್ನು ನಿಲ್ಲಿಸಿದರು. ಒಂದು ಕೆನ್ನೆ ಉಬ್ಬಿಕೊಂಡೇ ಇತ್ತು. "ತಿಂತೀವಿ ಅಂದ್ಯಲ್ಲ... ಏನನ್ನ?"

"ಇದನ್ನೇ ಸಾರ್. ಕೋಳಿ."

ಅವರು ಕೌಂಟರಿನ ಮೇಲೆ ತೂಗುತ್ತಿದ್ದ ಹಳದಿ ಬ್ಯಾನರಿನ ಕಡೆ ಬೆರಳೆತ್ತಿದರು. ಹಬ್ಬದ ಶುಭಾಶಯವೆಂದುಕೊಂಡು ಓದದೆ ಬಿಟ್ಟಿದ್ದ ಹಿಂದಿ ಅಕ್ಷರಗಳನ್ನು ಚಂದ್ರಕಾಂತ ಈಗ ಒಂದೊಂದಾಗಿ ಕೂಡಿಸಿಕೊಂಡ. ನವರಾತ್ರಿಯ ಒಂಬತ್ತೂ ದಿನ ಈ ಅಡುಗೆಮನೆ ಶುದ್ಧ ಸಸ್ಯಾಹಾರಿ.

"ನಿನ್ನ ಕೈಲಿರೋದು ಹಲಸಿನಕಾಯಿ ಕಣಪ್ಪಾ," ಎಂದರು ನಾರಾಯಣಸ್ವಾಮಿ.

ಚಂದ್ರಕಾಂತ ಸ್ಯಾಂಡ್‌ವಿಚ್ಚಿನ ಒಳಗನ್ನು ನೋಡಿದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು.

"ಹಾಗಾದ್ರೆ ಇವತ್ತು ನಾನು ಕೋಳಿ ತಿಂದೇ ಇಲ್ಲ, ಅಲ್ವಾ ಸಾರ್?"

"ಇವತ್ತು ತಿಂದಿಲ್ಲ," ಎಂದು ಒಪ್ಪಿಕೊಂಡು ಅವರು ಟಿಶ್ಯೂನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಸಂಜೆ ಸಹಿಗೆ ಬರೋದು ಬೇಡ."

ಶಾಂತಮ್ಮ ಕೈಚೀಲ ಎತ್ತಿಕೊಂಡು ಎದ್ದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಮುಖದಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಿತ್ತು.

"ಮನೆ ಖಾಲಿ ಮಾಡೋವಾಗ ಕೆಳಗೆ ಬಂದು ಆ ಕುಕ್ಕರೂ ತಗೊಂಡು ಹೋಗ್ಬಿಡಪ್ಪಾ. ಇನ್ಮೇಲೆ ಅದು ಸೀಟಿ ಹಾಕಿದಾಗಲೆಲ್ಲ ನನಗೆ ಕೋಳಿ ಕೂಗಿದ ಹಾಗೇ ಕೇಳ್ಸತ್ತೆ."